ಬಿಸಿಲಲ್ಲಿ ನಡಿಗೆ: ಗೋಕರ್ಣವೋ, ನಮ್ಮ ಅಂತರಗಂಗೆಯೋ?

ಹೋದ ವರ್ಷ ಮೇನಲ್ಲಿ ಅಮ್ಮನ ಹರಕೆ ತೀರಿಸೋಕೆ ಗೋಕರ್ಣಕ್ಕೆ ಹೋಗಿದ್ದೆವು. ಆಟೋ ಹತ್ತದೆ ಇಡೀ ದಿನ ನಡೆದೇ ಸುತ್ತಿದೆವು. ಈ ವರ್ಷ ಏಪ್ರಿಲ್‌ನಲ್ಲಿ ಅಂತರಗಂಗೆ ಬೆಟ್ಟ, ಅದೂ ಕೋಲಾರದ ನಮ್ಮ ಮನೆಯಿಂದಲೇ ನಡೆದು. "ಕರಾವಳಿ ಸೆಕೆ ತಡೆಯೋಕಾಗಲ್ಲಪ್ಪ, ನಮ್ಮೂರೇ ವಾಸಿ" ಅಂತ ನೆಂಟರೆಲ್ಲ ಹೇಳುತ್ತಾರೆ. ಎರಡೂ ಕಡೆ ನಡೆದ ಮೇಲೆ ನನಗೆ ಹಾಗೆ ಅನ್ನಿಸುತ್ತಿಲ್ಲ.

ಗೋಕರ್ಣದಲ್ಲಿ ಬೆಳಗ್ಗೆ ಆರಕ್ಕೇ ಸಮುದ್ರ ಸ್ನಾನ. ಆಮೇಲೆ ಕೋಟಿತೀರ್ಥ, ಮಹಾಗಣಪತಿ, ಮಹಾಬಲೇಶ್ವರ. ಅಲ್ಲಿಯವರೆಗೆ ಸುಖವಾಗಿತ್ತು. ಒಂಬತ್ತರ ಮೇಲೆ ಗುಡ್ಡ ದಾಟಿ ಕುಡ್ಲೆ ಬೀಚಿಗೆ, ಅಲ್ಲಿಂದ ಓಂ ಬೀಚಿಗೆ ಹೊರಟೆವು ನೋಡಿ, ಕಥೆ ಮುಗಿಯಿತು. ಮೊಬೈಲಿನಲ್ಲಿ ಬರೀ 33 ಡಿಗ್ರಿ. ಆದರೆ ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರು. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಒಣ ಮರಳು ಕಾದ ಹೆಂಚಿನ ಹಾಗೆ. ಅಮ್ಮ ಚಪ್ಪಲಿ ಕೈಲಿ ಹಿಡಿದು, ಅಲೆ ಬಂದು ಹೋಗುವ ಒದ್ದೆ ಮರಳಿನ ಮೇಲೇ ನಡೆದಳು. ಜಾಣತನ ಅಂದರೆ ಅದು.

ಅಂತರಗಂಗೆ ದಿನ ಮೊಬೈಲು 37 ತೋರಿಸುತ್ತಿತ್ತು. ಆದರೂ ಮೆಟ್ಟಿಲು ಹತ್ತುವಾಗ ಹಗುರ ಅನ್ನಿಸಿತು. ಒಣಗಾಳಿ ಬೆವರನ್ನು ಅಲ್ಲಲ್ಲೇ ಆರಿಸಿಬಿಡುತ್ತದೆ. ಕಾಶಿ ವಿಶ್ವೇಶ್ವರನ ಗುಡಿಯ ಹತ್ತಿರ ಕಲ್ಲಿನ ಬಸವನ ಬಾಯಿಂದ ನೀರು ಬರುತ್ತಲೇ ಇತ್ತು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ಬೋರ್ ಕೊರೆಸಿ ಕೈ ಸುಟ್ಟುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಆ ನೀರಿನ ಮುಂದೆ ನಿಂತರೆ ಯಾರಿಗಾದರೂ ಕೈ ಮುಗಿಯಬೇಕು ಅನ್ನಿಸುತ್ತದೆ ಅಲ್ವಾ?

ಗುಡಿಯಿಂದ ಮೇಲಕ್ಕೆ, ಬಂಡೆಗಳ ನಡುವಿನ ಗವಿಗಳ ಕಡೆ ಹೋದಾಗ ಎಡವಟ್ಟಾಯಿತು. ಮೈ ಒಣಗೇ ಇದ್ದದ್ದರಿಂದ ಬಾಯಾರಿಕೆಯ ನೆನಪೇ ಇಲ್ಲ. ಒಂದು ಲೀಟರ್ ಬಾಟಲಿಯಲ್ಲಿ ಅರ್ಧವೂ ಖಾಲಿಯಾಗಿರಲಿಲ್ಲ. ಹನ್ನೊಂದರ ಹೊತ್ತಿಗೆ ತಲೆ ಸಿಡಿಯೋಕೆ ಶುರುವಾಯಿತು. ಇಳಿಯುವಾಗ ಮೀನಖಂಡ ಹಿಡಿದುಕೊಂಡು ಅಲ್ಲೇ ಕೂತೆ. "ಬೆಳಗ್ಗೆಯಿಂದ ಒಂದ್ಸಲವಾದ್ರೂ ಉಚ್ಚೆಗೆ ಹೋದ್ಯೇನೋ?" ಅಂತ ಅಮ್ಮ ಕೇಳಿದಳು. ಇಲ್ಲ. ಉಪ್ಪು ಹಾಕಿದ ಮಜ್ಜಿಗೆ ತಂದಿದ್ದಳು, ಎರಡು ಲೋಟ ಕುಡಿಸಿದ ಮೇಲೇ ಎಬ್ಬಿಸಿದ್ದು. ಗೋಕರ್ಣದಲ್ಲಿ ಈ ಗತಿ ಬರಲಿಲ್ಲ. ಬೆವರು ಕಣ್ಣಿಗೆ ಕಾಣುತ್ತಿತ್ತು, ಹಾಗಾಗಿ ಸಿಕ್ಕಲ್ಲೆಲ್ಲ ಎಳನೀರು, ಮುರುಗಲು ಶರಬತ್ತು ಕುಡಿಯುತ್ತಾ ಹೋದೆವು. ಹಿಂಸೆ ಜಾಸ್ತಿ ಅಲ್ಲಿ, ಅಪಾಯ ಜಾಸ್ತಿ ಇಲ್ಲಿ.

ನೆರಳು ಎರಡೂ ಕಡೆ ಅಷ್ಟಕ್ಕಷ್ಟೇ. ಕೋತಿ ಕಾಟದಲ್ಲಿ ಮಾತ್ರ ಅಂತರಗಂಗೆಗೇ ಮೊದಲ ಬಹುಮಾನ. ನಮ್ಮ ಬಾಳೆಹಣ್ಣಿನ ಚೀಲ ಗುಡಿಯನ್ನೇ ಮುಟ್ಟಲಿಲ್ಲ.

ಇಷ್ಟೆಲ್ಲ ಆದರೂ ಬೇಸಿಗೆಯಲ್ಲಿ ಒಂದನ್ನೇ ಆರಿಸು ಅಂದರೆ ನಾನು ಅಂತರಗಂಗೆಯನ್ನೇ ಆರಿಸುತ್ತೇನೆ. ಆರಕ್ಕೆ ಶುರು ಮಾಡಿ ಒಂಬತ್ತಕ್ಕೆ ಮನೆ ಸೇರಬಹುದು, ಗೋಕರ್ಣಕ್ಕೆ ಹೋದರೆ ಹಾಗೆ ಅರ್ಧಕ್ಕೆ ಬಿಟ್ಟು ಬರೋಕಾಗುತ್ತಾ? ಅಮ್ಮನಿಗೆ ಇನ್ನೊಮ್ಮೆ ಕಡಲು ನೋಡುವ ಆಸೆಯಿದೆ. ಡಿಸೆಂಬರ್‌ಗೆ ಹೋಗೋಣ ಅಂದಿದ್ದೇನೆ. ಅಲ್ಲಿಯವರೆಗೆ ಸೋಮವಾರ ಸೋಮವಾರ ಬೆಟ್ಟ. ಮಜ್ಜಿಗೆ ಬಾಟಲಿ ಇನ್ನು ಮೇಲೆ ನಾನೇ ಹೊರಬೇಕಂತೆ.