ನೀಲಿ ಕಾಬಾಳೆ ಕೊಡ್ತೀನಿ ಅಂತ ನನ್ನ ಕಿವಿಗೆ ಹೂವಿಟ್ಟರು

ಪೂರ್ತಿ ಓದದೇ ಹೋಗೋರಿಗೂ ಉಪಯೋಗಕ್ಕೆ ಬರಲಿ ಅಂತ ಮೊದಲೇ ಹೇಳಿಬಿಡ್ತೀನಿ. ಕಾಬಾಳೆಯಲ್ಲಿ, ಅಂದ್ರೆ ನರ್ಸರಿಯವರು ಕ್ಯಾನಾ ಅಂತಾರಲ್ಲ ಆ ಗಿಡದಲ್ಲಿ, ನೀಲಿ ಹೂ ಇಲ್ಲ. ಕೆಂಪು, ಹಳದಿ, ಕಿತ್ತಳೆ, ಗುಲಾಬಿ, ಕೆನೆ ಬಣ್ಣ, ಹಳದಿ ಮೇಲೆ ಕೆಂಪು ಚುಕ್ಕೆ ಇರೋದು, ಇವೆಲ್ಲ ಇವೆ. ನೀಲಿ ಇಲ್ಲ. ಫೋಟೋ ತೋರಿಸಿದ್ರೂ ಇಲ್ಲ, ವಿಡಿಯೋ ತೋರಿಸಿದ್ರೂ ಇಲ್ಲ. ಇಷ್ಟು ತಿಳ್ಕೊಳ್ಳೋಕೆ ನನಗೆ 2,400 ರೂಪಾಯಿ, ನಾಲ್ಕು ತಿಂಗಳು, ಕೊನೆಗೆ ಅಮ್ಮನ ಗಿಡವೂ ಹೋಯ್ತು. ದುಡ್ಡಿನ ಮಾತು ಬಿಡಿ, ಗಿಡದ ವಿಷಯಕ್ಕೆ ಆಮೇಲೆ ಬರ್ತೀನಿ.

ನಮ್ಮ ಮನೆ ದಾವಣಗೆರೆ ವಿದ್ಯಾನಗರದಲ್ಲಿ. ಕಾಂಪೌಂಡ್ ಒಳಗೆ ಉದ್ದಕ್ಕೆ ಒಂದು ಪಾತಿ, ಪಾತ್ರೆ ತೊಳೆದ ನೀರು ಅಲ್ಲಿಗೇ ಹೋಗುತ್ತೆ. ಕಾಬಾಳೆಗೆ ಅಷ್ಟು ಸಾಕು. ಬಿಸಿಲು ಬೇಕು, ನೀರು ಬೇಕು, ಗೊಬ್ಬರ ಸಿಕ್ಕರೆ ಖುಷಿ, ಇಲ್ದಿದ್ರೂ ಮುನಿಸಿಲ್ಲ. ಅಲ್ಲಿ ಇದ್ದದ್ದು ಅಮ್ಮ ಚಿತ್ರದುರ್ಗದ ಮನೆ ಹಿತ್ತಲಿಂದ ಕಿತ್ತು ಕೊಟ್ಟಿದ್ದ ಹಳದಿ ಕಾಬಾಳೆ. ದುರ್ಗದ ಆ ಒಣ ಬಿಸಿಲಲ್ಲೇ ಬದುಕಿದ ಗಿಡ ಇಲ್ಲಿ ಬಂದು ಕೊಬ್ಬಿತ್ತು. ಅಮ್ಮ ಈಗಿಲ್ಲ. ಎರಡು ವರ್ಷಕ್ಕೊಮ್ಮೆ ಗೆಡ್ಡೆ ಬಗೆದು, ಪ್ರತಿ ತುಂಡಲ್ಲೂ ಮೊಳಕೆ ಒಡೆಯೋ ಕಣ್ಣು ಒಂದೊಂದು ಇರೋ ಹಂಗೆ ಕತ್ತರಿಸಿ, ಬೇರೆ ಬೇರೆ ನೆಡ್ತಿದ್ದೆ. ಅಷ್ಟರಲ್ಲೇ ಸುಮ್ಮನಿರಬೇಕಿತ್ತು ನಾನು.

2024ರ ಜೂನ್‌ನಲ್ಲಿ ಫೋನ್ ನೋಡ್ತಾ ಕೂತಾಗ ಒಂದು ವಿಡಿಯೋ ಬಂತು. ಆಕಾಶ ನೀಲಿ ಕ್ಯಾನಾ, ಸಾಲಾಗಿ. ಕೆಳಗೆ ನಂಬರ್. ಮೆಸೇಜ್ ಹಾಕಿದೆ. ಎರಡು ನಿಮಿಷದಲ್ಲಿ ಉತ್ತರ. ನರ್ಸರಿಗೆ ಹೋದ್ರೆ ಗಿಡ ಕಣ್ಣಿಂದ ನೋಡಿ, ಎಲೆ ಮಗುಚಿ ನೋಡಿ, ಹತ್ತು ರೂಪಾಯಿಗೆ ಜಗಳ ಆಡಿ, ಸ್ಕೂಟರ್ ಮುಂದೆ ಇಟ್ಕೊಂಡು ಬರೋಳು ನಾನು. ತರಕಾರಿಯವನ ಹತ್ರ ಕೊತ್ತಂಬರಿ ಕಟ್ಟು ಬಿಚ್ಚಿಸಿ ನೋಡೋಳು. ಅಂಥ ನಾನು ಮುಖ ನೋಡದವನಿಗೆ ಒಂದು ಗೆಡ್ಡೆಗೆ 400ರಂತೆ ಆರಕ್ಕೆ ಪೂರ್ತಿ ದುಡ್ಡು ಫೋನಲ್ಲೇ ಹಾಕಿದೆ. ಎರಡು ನೀಲಿ, ಎರಡು ಅಚ್ಚ ಬಿಳಿ, ಎರಡು ಪಟ್ಟೆ ಎಲೆಯದು. “ಅರ್ಧ ಈಗ, ಅರ್ಧ ಬಂದ ಮೇಲೆ ಕೊಡ್ತೀನಿ” ಅಂದಿದ್ದೆ. “ಪೂರ್ತಿ ಹಾಕಿದ್ರೆ ಕೊರಿಯರ್ ಫ್ರೀ ಮೇಡಂ, ಇವತ್ತೇ ಲಾಸ್ಟು” ಅಂದ. ಕೊರಿಯರ್ 80 ರೂಪಾಯಿ ಉಳಿಸಿದೆ ನೋಡಿ!

ಪಾರ್ಸೆಲ್ ಬಂತು. ಒದ್ದೆ ಪೇಪರಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಬಿಗಿದಿದ್ರು. ಬಿಳಿಯ ಎರಡೂ ಗೆಡ್ಡೆ ಒತ್ತಿದ್ರೆ ನೀರು, ನಾತ ಬೇರೆ. ಫೋಟೋ ಕಳಿಸಿದೆ. “ಓಪನಿಂಗ್ ವಿಡಿಯೋ ಇದೆಯಾ ಮೇಡಂ?” ಇಲ್ಲಪ್ಪಾ, ಗಿಡದ ಪಾರ್ಸೆಲ್‌ಗೆ ಯಾರು ವಿಡಿಯೋ ಮಾಡ್ತಾರೆ? “ವಿಡಿಯೋ ಇಲ್ದೇ ಕ್ಲೈಮ್ ಇಲ್ಲ. ಕಂಡೀಷನ್ ಓದ್ಕೋಬೇಕು.” ಕೊನೆಗೆ ಕೈ ಮುಗಿಯೋ ಗುರುತು. ಆವಾಗಲೇ ಗೊತ್ತಾಗಬೇಕಿತ್ತು. ಆಗಲಿಲ್ಲ. ಉಳಿದ ನಾಲ್ಕು ಇದ್ದಾವಲ್ಲ, ನೀಲಿ ಇದೆಯಲ್ಲ ಅಂತ ಸಮಾಧಾನ ಮಾಡ್ಕೊಂಡು ನೆಟ್ಟೆ.

ಮೊಳಕೆ ಬಂತು. ಪಟ್ಟೆಯದರಲ್ಲಿ ಹಸಿರಿನ ಮೇಲೆ ಹಳದಿ ಗೆರೆ ಮೂಡಿದ್ದು ನೋಡಿ ನನಗೆ ಹಿಡಿಯೋರಿಲ್ಲ. ಸ್ಟೇಟಸ್ ಹಾಕಿದೆ. ಮನೆಯೋರ ಗ್ರೂಪಿಗೆ ಹಾಕಿದೆ. ಬಂದವರಿಗೆಲ್ಲ ಕೈ ಹಿಡಿದು ಕರ್ಕೊಂಡು ಹೋಗಿ ತೋರಿಸಿದೆ. ಆಗಸ್ಟ್‌ನಲ್ಲಿ ಎದುರುಮನೆ ಆಂಟಿ ಕೇಳಿದ್ರು ಅಂತ ಪಟ್ಟೆಯದರ ಒಂದು ಮರಿ ಕತ್ತರಿಸಿ ಕೊಟ್ಟೆ. ಅದೇ ಚಾಕುವಲ್ಲಿ ಅಮ್ಮನ ಹಳದಿ ಗುಂಪನ್ನೂ ಬಗೆದು ನೆಟ್ಟೆ. ಅದೇ ಚಾಕು. ಇದನ್ನ ನೆನಪಿಟ್ಕೊಳ್ಳಿ.

ಸೆಪ್ಟೆಂಬರ್ 7ಕ್ಕೆ ಗಣಪತಿ ಹಬ್ಬ. ಅದಕ್ಕೆ ಎರಡು ದಿನ ಮುಂಚೆ ನೀಲಿಯದು ಮೊಗ್ಗು ಬಿಟ್ಟಿತು. ಮೊಗ್ಗು ಕೆಂಪಗೇ ಇತ್ತು, ಸುಳ್ಳು ಹೇಳಲ್ಲ. ಬಿಚ್ಚಿದ ಮೇಲೆ ನೀಲಿ ಆಗುತ್ತೇನೋ ಅಂದ್ಕೊಂಡೆ. ಹಬ್ಬಕ್ಕೆ ನಾದಿನಿ, ಅವರ ಮಕ್ಕಳು, ಎಲ್ಲ ಬಂದಿದ್ರು. “ಎಲ್ಲಿ ಅತ್ತೆ ನಿಮ್ಮ ನೀಲಿ ಹೂ?” ಅಂತ ಹುಡುಗರು ಬೆಳಿಗ್ಗೆನೇ ಹಿತ್ತಲಿಗೆ ಓಡಿದ್ವು. ನಾನೂ ಹಿಂದೆ ಓಡಿದೆ. ಕೆಂಪು. ಅಪ್ಪಟ ಕೆಂಪು. ಸಣ್ಣ ಎಸಳು, ಸೊಟ್ಟ ಹೂ, ಮೋರಿ ಬದಿಯಲ್ಲಿ ತಾನಾಗೇ ಬೆಳ್ಕೊಳ್ಳುತ್ತಲ್ಲ, ಅದೇ ಕಾಡು ಕಾಬಾಳೆ.

ನಮ್ಮತ್ತೆ ಕೋಲು ಊರ್ಕೊಂಡು ಬಂದು ನೋಡಿ ಹೇಳಿದ್ದು ಇಷ್ಟೇ: “ಇದಕ್ಕಾ ನಾನೂರು ಕೊಟ್ಟಿದ್ದು? ಮೊದ್ಲೇ ಹೇಳಿದ್ರೆ ನಮ್ಮೂರ ಮೋರಿ ದಂಡಿಯಿಂದ ಒಂದು ಗಾಡಿ ತರಿಸ್ತಿದ್ದೆ ಕಣವ್ವಾ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಹೋಗಿ ಕಡುಬಿನ ಹಿಟ್ಟಿಗೆ ಕೈ ಹಾಕಿದವಳು ಎಷ್ಟೊತ್ತು ನಾದ್ತಾ ಇದ್ದೆನೋ.

ಅವನಿಗೆ ಫೋಟೋ ಕಳಿಸಿದೆ. ಉತ್ತರ ಹಂಗಂಗೇ ಬರೀತೀನಿ.

“ನಿಮ್ಮ ಕಡೆ ಕೆಂಪು ಮಣ್ಣಲ್ವಾ ಮೇಡಂ, ಅದಕ್ಕೆ ಕೆಂಪು ಬಂದಿದೆ.”

ಓದಿದ್ರಾ? ಕೆಂಪು ಮಣ್ಣು, ಅದಕ್ಕೆ ಕೆಂಪು ಹೂ! ನಾಚಿಕೆ ಬಿಟ್ಟು ಹೇಳ್ತೀನಿ, ಅರ್ಧ ಗಂಟೆ ನಾನು ಅದನ್ನೂ ನಂಬಿದೆ. ಯಾಕಂದ್ರೆ ಹೈಡ್ರೇಂಜಿಯಾ ಅಂತ ಒಂದು ಹೂ ಇದೆ, ಅದು ಹುಳಿ ಮಣ್ಣಲ್ಲಿ ನೀಲಿ, ಇಲ್ಲಾಂದ್ರೆ ಗುಲಾಬಿ. ಅದನ್ನೆಲ್ಲೋ ಓದಿದ್ದೆ. ಅರ್ಧ ತಿಳ್ಕೊಂಡೋರಿಗೇ ಇವರು ಬಲೆ ಬೀಸೋದು. ಕಾಬಾಳೆ ಬಣ್ಣ ಮಣ್ಣಿಂದ ಹಂಗೆ ಬದಲಾಗಲ್ಲ. ಕೆಂಪು ಮಣ್ಣಿಗೆ ಕೆಂಪು ಅಂದ್ರೆ ಅಮ್ಮನ ಹಳದಿ ದುರ್ಗದಲ್ಲಿ ಹೆಂಗೆ ಹಳದಿ ಆಯ್ತು ಅಂತ ಕೇಳಿದೆ. “ಅದು ಲೋಕಲ್ ಮೇಡಂ, ಇದು ಇಂಪೋರ್ಟೆಡ್. ಎರಡನೇ ಸಲ ನೀಲಿ ಬರುತ್ತೆ, ವೇಟ್ ಮಾಡಿ.” ದುಡ್ಡು ವಾಪಸ್ ಕೊಡಿ ಅಂದೆ. “ಗಿಡ ಬದುಕಿದೆಯಲ್ಲ ಮೇಡಂ, ಮತ್ತೆ ಯಾತಕ್ಕೆ ವಾಪಸ್ಸು?”

ಗಿಡ ಬದುಕಿದೆಯಂತೆ.

ನಿಜವಾದ ಹೊಡೆತ ಬಿದ್ದದ್ದು ದಸರಾ ರಜೆಗೆ. ತಂಗಿ ಮಗ ಹಿರಿಯೂರಿನ ತೋಟಗಾರಿಕೆ ಕಾಲೇಜಲ್ಲಿ ಓದ್ತಾನೆ, ಬಂದಿದ್ದ. ಪಟ್ಟೆ ಎಲೆ ತೋರಿಸಿದೆ, ಇದಾದ್ರೂ ಚೆನ್ನಾಗಿದೆಯಲ್ಲ ಅಂತ. ಎಲೆ ಬಿಸಿಲಿಗೆ ಹಿಡಿದು ನೋಡಿದ. ಸುಮ್ಮನಾದ. “ದೊಡ್ಡಮ್ಮ, ಇದು ಪಟ್ಟೆ ಜಾತಿ ಅಲ್ಲ. ವೈರಸ್ ರೋಗ.” ಒರಿಜಿನಲ್ ಪಟ್ಟೆಯದು, ಬೆಂಗಾಲ್ ಟೈಗರ್ ಅಂತಾರಂತೆ, ಅದರಲ್ಲಿ ನಡುದಂಟಿಂದ ಅಂಚಿನ ತನಕ ಪ್ರತಿ ಎಲೆಯಲ್ಲೂ ನರದ ಗುಂಟ ಗೆರೆ ಸಲೀಸಾಗಿ ಓಡುತ್ತೆ. ನನ್ನದರಲ್ಲಿ ಗೆರೆ ತುಂಡು ತುಂಡು, ಒಂದೆಲೆಯಲ್ಲಿ ಇದ್ದಂಗೆ ಇನ್ನೊಂದರಲ್ಲಿಲ್ಲ, ಹಳದಿ ಇದ್ದಲ್ಲಿ ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಒಣಗ್ತಿತ್ತು, ಎಲೆ ಮುರುಟಿತ್ತು. ಅದನ್ನೇ ನಾನು ಚೆಂದ ಅಂತ ಸ್ಟೇಟಸ್ ಹಾಕಿದ್ದೆ. ರೋಗಕ್ಕೆ 400 ರೂಪಾಯಿ ಕೊಟ್ಟು ಮನೆಗೆ ಕರ್ಕೊಂಡು ಬಂದಿದ್ದೆ.

ಔಷಧ ಇಲ್ವೇನೋ ಅಂದೆ. ಇಲ್ಲ. ಗೆಡ್ಡೆಯೊಳಗೇ ಇರುತ್ತೆ, ಆ ಗೆಡ್ಡೆಯಿಂದ ಮಾಡಿದ ಮರಿಗಳಿಗೆಲ್ಲ ಬರುತ್ತೆ. ಕಾಬಾಳೆಗೆ ಬರೋ ವೈರಸ್ ಒಂದೇ ಅಲ್ಲವಂತೆ, ಕೆಲವನ್ನ ಗಿಡಹೇನು ಹರಡುತ್ತೆ. ಅಷ್ಟು ಹೇಳಿ ಅವನು ಪಕ್ಕಕ್ಕೆ ನೋಡಿದ. ಅಮ್ಮನ ಹಳದಿ ಗುಂಪಿನ ಹೊಸ ಎಲೆಗಳ ಮೇಲೂ ಗೆರೆ ಬಂದಿತ್ತು. ಚಾಕುವಿಂದ ಬಂತೋ ಹೇನಿಂದ ಬಂತೋ, ಬಂದಿತ್ತು. ನಾನು ಅದನ್ನ ದಿನಾ ನೋಡ್ತಿದ್ದೆ, ಗೊಬ್ಬರ ಕಮ್ಮಿ ಆಯ್ತು ಅಂದ್ಕೊಂಡು ಇನ್ನಷ್ಟು ಹಾಕ್ತಿದ್ದೆ.

ಆ ಮನುಷ್ಯನಿಗೆ ಕೊನೇ ಸಲ ಮೆಸೇಜ್ ಮಾಡಿದೆ, ಬೈಗುಳ ಇಲ್ದೇ, ರೋಗ ಇದ್ದ ಗೆಡ್ಡೆ ಕೊಟ್ಟಿದ್ದೀರಿ ಅಂತ. “ನಾವು ಕೊಟ್ಟಾಗ ಎಲೆ ಇತ್ತಾ ಮೇಡಂ? ಎಲೆ ನಿಮ್ಮ ಮನೇಲಿ ಬಂದಿದ್ದು, ರೋಗನೂ ನಿಮ್ಮ ಮನೇದೇ.” ನಾನು ಟೈಪ್ ಮಾಡೋಷ್ಟರಲ್ಲಿ ಬ್ಲಾಕ್.

ಎಲ್ಲ ಕಿತ್ತೆವು. ಬೇರು, ಚೂರು ಗೆಡ್ಡೆ, ಏನೂ ಬಿಡದೆ. ಗೊಬ್ಬರದ ಗುಂಡಿಗೂ ಹಾಕಲಿಲ್ಲ, ಒಣಗಿಸಿ ಸುಟ್ಟೆವು. ಅಮ್ಮನ ಗಿಡವನ್ನೂ. ಎದುರುಮನೆಗೆ ಹೋಗಿ “ಆಂಟಿ, ನಾನು ಕೊಟ್ಟ ಗಿಡ ವಾಪಸ್ ಕೊಡಿ” ಅಂತ ಕೇಳೋದಿದೆಯಲ್ಲ, ಅದು ಯಾರಿಗೂ ಬೇಡ. ಅವರು ಪಾಪ ಏನೂ ಅನ್ನಲಿಲ್ಲ. ಅಂದಿದ್ರೇ ಚೆನ್ನಾಗಿತ್ತು.

ಗೆಡ್ಡೆ ತಗೊಳ್ಳೋದಾದ್ರೆ ಕೈಯಲ್ಲಿ ಒತ್ತಿ ನೋಡಿ, ಗಟ್ಟಿ ಇರಬೇಕು, ಕಣ್ಣಿರಬೇಕು. ಆಗುತ್ತೆ ಅಂದ್ರೆ ಎಲೆ ಇರೋ ಗಿಡವನ್ನೇ ತಗೊಳ್ಳಿ. ಹೊಸದನ್ನ ಹಳೇದರ ಪಕ್ಕ ನೆಡಬೇಡಿ, ದೂರ ಕುಂಡದಲ್ಲಿ ಇಟ್ಟು ಕೆಲವು ತಿಂಗಳು ನೋಡಿ. ಚಾಕು ತೊಳೀರಿ. ಪೂರ್ತಿ ದುಡ್ಡು ಮೊದಲೇ ಕೇಳೋನಿಗೆ ಒಂದು ಪೈಸೆ ಹಾಕಬೇಡಿ. ಹಾಕಿ ಮೋಸ ಹೋದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ. “2,400ಕ್ಕೆ ಯಾರು ಕಂಪ್ಲೇಂಟ್ ಕೊಡ್ತಾರೆ, ಮಾನ ಹೋಗುತ್ತೆ” ಅಂದ್ರು ನಮ್ಮನೆಯೋರು, ನಾನು ಮಾಡಲಿಲ್ಲ. ಅವನು ನಂಬಿರೋದೂ ಅದನ್ನೇ.

ಮೊನ್ನೆ ನಮ್ಮನೆಯೋರ ಫೋನಿಂದ ಆ ನಂಬರ್ ನೋಡಿದೆ. ಅದೇ ನೀಲಿ ಹೂವಿನ ಫೋಟೋ ಇನ್ನೂ ಇದೆ. ರೇಟು ಈಗ 450. ಕೆಳಗೆ “ಕೆಲವೇ ಗೆಡ್ಡೆ ಉಳಿದಿವೆ” ಅಂತ.