ಕೊಕ್ಕೆ ಇರುವ ಹೈವ್ ಟೂಲ್: ವಸಂತದ ಮೊದಲ ತಪಾಸಣೆಗೆ ಹೇಗಿದೆ?

ಹಿತ್ತಲಲ್ಲಿ ಜೇನುಪೆಟ್ಟಿಗೆ ಇಟ್ಟವರು ಮುಖಪರದೆ, ಹೊಗೆ ತಿದಿ ಎಲ್ಲ ಆರಿಸಿ ಆರಿಸಿ ಕೊಳ್ಳುತ್ತಾರೆ. ಪೆಟ್ಟಿಗೆಯೊಳಗೆ ಅಂಟಿದ್ದನ್ನು ಮೀಟಿ ಕೆರೆಯುವ ಹೈವ್ ಟೂಲ್ ಮಾತ್ರ ಯಾವುದಾದರೂ ನಡೆಯುತ್ತದೆ. ಕಬ್ಬಿಣದ ಪಟ್ಟಿ ತಾನೆ, ಅಲ್ವಾ? ಚಳಿ ಮುಗಿದ ಮೇಲೆ ಮೊದಲ ಸಲ ಮುಚ್ಚಳ ತೆಗೆಯುವಾಗ ಈ ಲೆಕ್ಕ ತಪ್ಪುತ್ತದೆ.

ನಾನು ಬಳಸುತ್ತಿರುವುದು ಒಂದು ತುದಿಯಲ್ಲಿ ಜೆ ಆಕಾರದ ಕೊಕ್ಕೆ, ಇನ್ನೊಂದು ತುದಿಯಲ್ಲಿ ಉಳಿಯಂಥ ಅಂಚು ಇರುವ ಸ್ಟೀಲ್ ಟೂಲ್. ಉದ್ದ ಸುಮಾರು 25 ಸೆಂ.ಮೀ. ಇದಕ್ಕಿಂತ ಗಿಡ್ಡದ್ದು ಬೇಡ, ಮೀಟಲು ಬಲ ಸಾಲದು.

ಇದರ ಬೆಲೆ ಇರುವುದು ಕೊಕ್ಕೆಯಲ್ಲಿ. ಚಳಿಗಾಲಕ್ಕೆ ಮುಂಚೆ ನೊಣಗಳು ಸಂದಿಗಳಿಗೆಲ್ಲ ಅಂಟು ಮೆತ್ತಿರುತ್ತವೆ. ತಂಪು ಹೊತ್ತಲ್ಲಿ ಅದು ಗಟ್ಟಿ. ಫ್ರೇಮನ್ನು, ಅಂದರೆ ಎರಿ ಕಟ್ಟಿರುವ ಮರದ ಚೌಕಟ್ಟನ್ನು, ಪಕ್ಕಕ್ಕೆ ಮೀಟಿದರೆ ಟಕ್ ಅಂತ ಬಿಡುತ್ತದೆ, ಆ ಒಂದು ಅದುರಿಗೇ ಇಡೀ ಗೂಡು ಗುಂಯ್ ಅನ್ನುತ್ತದೆ. ಕೊಕ್ಕೆಯಲ್ಲಿ ಹಾಗಲ್ಲ. ಅಂಚಿನ ಫ್ರೇಮಿನ ಕಿವಿಯ (ಮೇಲ್ಪಟ್ಟಿಯ ಚಾಚಿದ ತುದಿಯ) ಕೆಳಗೆ ಕೊಕ್ಕೆ ತೂರಿಸಿ, ಟೂಲಿನ ಬೆನ್ನನ್ನು ಪಕ್ಕದ ಫ್ರೇಮಿನ ಮೇಲೆ ಆನಿಸಿ ಒತ್ತಬೇಕು. ಕಿವಿ ನಿಧಾನವಾಗಿ, ನೇರವಾಗಿ ಮೇಲೇಳುತ್ತದೆ. ಎರಡು ಎರಿಗಳ ನಡುವೆ ನೊಣ ಉಜ್ಜಿಹೋಗುವುದು ತುಂಬಾ ಕಡಿಮೆ. ಆ ನಡುವೆ ರಾಣಿಯೇ ಇದ್ದರೆ? ವಸಂತದ ಆರಂಭದಲ್ಲಿ ರಾಣಿ ಸತ್ತರೆ ಕುಟುಂಬ ಹೊಸದನ್ನು ಬೆಳೆಸಬಹುದು, ಆದರೆ ಕೂಡಲು ಗಂಡು ನೊಣಗಳೇ ಸಾಕಷ್ಟು ಇರುವುದಿಲ್ಲ.

ಅಂಚಿನ ಫ್ರೇಮ್ ಆಚೆ ಬಂತೆಂದರೆ ಉಳಿದದ್ದು ಸಲೀಸು. ನಾನು ರಾಣಿಯನ್ನು ಹುಡುಕಲು ಹೋಗುವುದಿಲ್ಲ, ಸುಮ್ನೆ ಹೊತ್ತು ಹೋಗುತ್ತದೆ. ಬಿಸಿಲು ಬೆನ್ನಿಗೆ ಬೀಳುವ ಹಾಗೆ ನಿಂತು, ಎರಿಯ ಕೋಶಗಳ ತಳ ನೋಡುತ್ತೇನೆ. ಮೊಟ್ಟೆ ಹೊಸದಾದರೆ ಕಡ್ಡಿಯ ಹಾಗೆ ನೆಟ್ಟಗೆ ನಿಂತಿರುತ್ತದೆ, ಮೂರನೇ ದಿನಕ್ಕೆ ಮಲಗಿರುತ್ತದೆ. ಮೊಟ್ಟೆ ಕಂಡರೆ ರಾಣಿ ಮೂರು ದಿನದ ಹಿಂದಿನವರೆಗಾದರೂ ಇದ್ದಳು ಅಂತಲೇ ಲೆಕ್ಕ. ಆಮೇಲೆ ಜೇನು, ಪರಾಗ ಎಷ್ಟಿದೆ, ಎರಿಯ ಕೆಳಗಂಚಲ್ಲಿ ರಾಣಿ ಕೋಶ ಇಳಿದಿದೆಯಾ ನೋಡಿ ಮುಚ್ಚುವುದು. ಮರಿಗಳಿಗೆ 34–35 ಡಿಗ್ರಿ ಬೇಕು, ತೆರೆದಿಟ್ಟು ಮಾತಾಡುತ್ತಾ ನಿಲ್ಲುವ ಕೆಲಸವಲ್ಲ. ಹೊರಗೆ 15 ಡಿಗ್ರಿಗಿಂತ ಕಡಿಮೆ ಇದ್ದರೆ ನಾನು ಮುಚ್ಚಳ ಮುಟ್ಟುವುದೇ ಇಲ್ಲ.

ದೂರುಗಳೂ ಇವೆ. ಉಳಿಯ ಅಂಚು ಮೊಂಡಾಗಿ ಬಂತು, ಅರ ಹಿಡಿದು ಉಜ್ಜಬೇಕಾಯಿತು. ಈಗ ತಳದ ಹಲಗೆಯ ಮೇಣ, ಸತ್ತ ನೊಣ ಚೆನ್ನಾಗಿ ಕೆರೆಯುತ್ತದೆ. ಕೊಕ್ಕೆಯ ಒಳಮೂಲೆ ಒರಟು, ಹಳೆಯ ಮೆದು ಮರದ ಕಿವಿಯನ್ನು ಕಚ್ಚಿ ತಿನ್ನುತ್ತದೆ. ಚಿತ್ರದಲ್ಲಿ ಹಳದಿ ಬಣ್ಣ ತೋರಿಸಿ ಬರೀ ಸ್ಟೀಲ್ ಕಳಿಸಿದ್ದರು. ಕೇಳಿದರೆ, ಕೆಲಸಕ್ಕೆ ಬಣ್ಣ ಯಾಕೆ ಅಂದರು! ಹುಲ್ಲಲ್ಲಿ ಬಿದ್ದದ್ದನ್ನು ಹುಡುಕಿದವರಿಗೆ ಗೊತ್ತು ಯಾಕೆ ಅಂತ. ನಾನು ಕೆಂಪು ಟೇಪ್ ಸುತ್ತಿದ್ದೇನೆ.

ಒಂದರ ಮೇಲೊಂದು ಕೂತು ಅಂಟಿಕೊಂಡ ಪೆಟ್ಟಿಗೆಯ ಎರಡು ಕೋಣೆಗಳನ್ನು ಬಿಡಿಸಲು ಮಾತ್ರ ಇದು ಸಾಲದು. ಅದಕ್ಕೆ ಅಗಲವಾದ ಹಳೇ ಮಾದರಿಯೇ ಜಾಸ್ತಿ ಒಳ್ಳೆಯದು. ಒಂದೇ ಕೊಳ್ಳುವುದಾದರೆ ಕೊಕ್ಕೆಯದ್ದೇ ಕೊಳ್ಳಿ, ಮರದ ಹಿಡಿ ಇರುವುದು ಬೇಡ. ಮರಿಗಳ ರೋಗ ಟೂಲಿನ ಮೇಲೆ ಕೂತೇ ಇನ್ನೊಂದು ಗೂಡಿಗೆ ಹೋಗಬಹುದು. ಬರೀ ಸ್ಟೀಲ್ ಆದರೆ ಅಂಟು ಕೆರೆದು, ವಾಷಿಂಗ್ ಸೋಡಾ ಹಾಕಿದ ಬಿಸಿ ನೀರಲ್ಲಿ ಉಜ್ಜಿದರೆ ಆಯಿತು.