ಅಷ್ಟಾಂಗ ವಿನ್ಯಾಸವಾ, ಅಯ್ಯಂಗಾರ್ ಯೋಗವಾ? ಎರಡೂ ಮಾಡಿ ನೋಡಿದೆ

ಕುರ್ಚಿ ಕೆಲಸ, ನಲವತ್ತು ದಾಟಿದ ಮೈ, ಬಗ್ಗಿದರೆ ಕೈ ಮೊಣಕಾಲಿನ ಹತ್ತಿರವೇ ನಿಲ್ಲುತ್ತದೆ ಅನ್ನುವವರು ನೀವಾದರೆ ಮೊದಲು ಅಯ್ಯಂಗಾರ್ ಕ್ಲಾಸಿಗೆ ಸೇರಿ. ಯಾಕೆ ಅಂತ ಹೇಳುತ್ತೇನೆ.

ಎರಡರ ಬೇರೂ ಮೈಸೂರಿನಲ್ಲೇ ಇದೆ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಟಿ. ಕೃಷ್ಣಮಾಚಾರ್ಯರೇ ಅಷ್ಟಾಂಗ ವಿನ್ಯಾಸ ಕಲಿಸಿದ ಪಟ್ಟಾಭಿ ಜೋಯಿಸರಿಗೂ ಅಯ್ಯಂಗಾರ್ ಯೋಗದ ಬಿ.ಕೆ.ಎಸ್. ಅಯ್ಯಂಗಾರರಿಗೂ ಗುರು. ಜೋಯಿಸರು ಮೈಸೂರಲ್ಲೇ ಉಳಿದರು, ಅಯ್ಯಂಗಾರರು 1937ರಲ್ಲಿ ಪುಣೆಗೆ ಹೋದರು. ಆದರೂ ಎರಡು ಕ್ಲಾಸಿಗೂ ಹೋಗಿ ನೋಡಿದರೆ ಒಬ್ಬರೇ ಗುರು ಅಂತ ನಂಬೋದು ಕಷ್ಟ.

ಅಷ್ಟಾಂಗದಲ್ಲಿ ಕ್ರಮ ಮೊದಲೇ ನಿಗದಿ. ಸೂರ್ಯನಮಸ್ಕಾರ ಎರಡು ಬಗೆ, ಒಂದರಲ್ಲಿ 9 ವಿನ್ಯಾಸ (ಉಸಿರಿಗೆ ಹೊಂದಿಸಿದ ಚಲನೆ), ಇನ್ನೊಂದರಲ್ಲಿ 17, ಆಮೇಲೆ ನಿಂತು ಮಾಡುವವು, ಕೂತು ಮಾಡುವವು, ಹೆಚ್ಚಿನವಕ್ಕೆ ಐದೈದು ಉಸಿರು. ಮೈಸೂರು ಪದ್ಧತಿಯ ಕ್ಲಾಸಲ್ಲಿ ಯಾರೂ ಕೂಗಿ ಹೇಳುವುದಿಲ್ಲ. ನಿಮ್ಮ ಪಾಡಿಗೆ ನೀವು ಮಾಡುತ್ತಾ ಹೋಗಬೇಕು, ಗುರುಗಳು ಬಂದು ತಿದ್ದುತ್ತಾರೆ. ಮರೀಚ್ಯಾಸನದ ನಾಲ್ಕನೇ ಬಗೆಯಲ್ಲಿ ಬೆನ್ನ ಹಿಂದೆ ಕೈಗೆ ಕೈ ಸಿಗಲಿಲ್ಲ ಅಂದ್ರೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸಿ ಮುಗಿಸುವ ಆಸನಗಳಿಗೆ ಹೋಗಬೇಕು. ಅಮಾವಾಸ್ಯೆ, ಹುಣ್ಣಿಮೆಗೆ ರಜೆ. ಬೆವರು ಧಾರಾಳ, ಮುಗಿದ ಮೇಲೆ ಮೈ ಹಗುರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕಡೆ ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ ಹಿಂದಿನಿಂದ ಬೆನ್ನ ಮೇಲೆ ಭಾರ ಹಾಕಿ ಒತ್ತಿದರು, ತೊಡೆಯ ಹಿಂಭಾಗ ಬಹಳ ದಿನ ಎಳೆಯುತ್ತಲೇ ಇತ್ತು. ಒತ್ತಬೇಡಿ ಅಂತ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ.

ಅಯ್ಯಂಗಾರ್ ಕ್ಲಾಸು ಮೊದಲ ನೋಟಕ್ಕೆ ಶಾಮಿಯಾನದವರ ಗೋದಾಮಿನ ಹಾಗಿತ್ತು: ಮಡಚುವ ಕುರ್ಚಿಗಳು, ಕಂಬಳಿ ರಾಶಿ, ಬೆಲ್ಟು, ಮರದ ಇಟ್ಟಿಗೆ, ಗೋಡೆಗೆ ಹಗ್ಗ. ತ್ರಿಕೋನಾಸನ ಒಂದಕ್ಕೇ ಎಷ್ಟು ಹೊತ್ತು! ಅಷ್ಟಾಂಗದಲ್ಲಿ ಕಾಲಿನ ಹೆಬ್ಬೆರಳು ಹಿಡಿದು ಐದು ಉಸಿರು, ಮುಂದಕ್ಕೆ. ಇಲ್ಲಿ ಕಾಲು ಇನ್ನೂ ಅಗಲ, ಕೈ ಇಟ್ಟಿಗೆಯ ಮೇಲೆ, ಹಿಂಗಾಲಿನ ಹೊರಅಂಚು ನೆಲಕ್ಕೆ ಒತ್ತಿದೆಯಾ, ಮಂಡಿಚಿಪ್ಪು ಮೇಲೆ ಎಳೆದಿದೆಯಾ ಅಂತ ಒಂದೊಂದನ್ನೇ ಕೇಳುತ್ತಾರೆ. ಸರ್ವಾಂಗಾಸನಕ್ಕೆ ಭುಜದ ಕೆಳಗೆ ಕಂಬಳಿ ಮಡಚಿ ಇಡುತ್ತಾರೆ, ತಲೆ ಮಾತ್ರ ಕೆಳಗೆ ನೆಲದ ಮೇಲೆ. ಕುತ್ತಿಗೆ ನಜ್ಜುಗುಜ್ಜಾಗದೆ ಆರಾಮಾಗಿ ನಿಲ್ಲಬಹುದು ಅಂತ ಅಲ್ಲೇ ನನಗೆ ಗೊತ್ತಾಗಿದ್ದು. ಬೇಜಾರೂ ಆಗುತ್ತೆ, ಸುಳ್ಳು ಯಾಕೆ ಹೇಳಲಿ. ಕೆಲವು ದಿನ ವ್ಯಾಯಾಮ ಮಾಡಿದ ಹಾಗೇ ಅನ್ನಿಸುವುದಿಲ್ಲ.

ಮನೆಯಲ್ಲಿ ಮಾಡುವ ವಿಷಯಕ್ಕೆ ಬಂದರೆ ಅಷ್ಟಾಂಗವೇ ಮೇಲು. ಕ್ರಮ ಬಾಯಿಪಾಠವಾದರೆ ಒಂದು ಚಾಪೆ ಸಾಕು, ಇವತ್ತು ಏನು ಮಾಡಲಿ ಅನ್ನೋ ಯೋಚನೆಯೇ ಇಲ್ಲ. ಇನ್ನೊಂದಕ್ಕೆ ಸಾಮಾನು ಬೇಕು, ಇಡಲು ಜಾಗವೂ ಬೇಕು.

ನಮ್ಮದೇ ಮೂಲ ಹಠಯೋಗ ಅಂತ ಎರಡೂ ಕಡೆ ಜಗಳ ಮಾಡುವವರಿದ್ದಾರೆ. ಹಠಯೋಗದ ಹಳೆಯ ಗ್ರಂಥ ಹಠಯೋಗ ಪ್ರದೀಪಿಕೆ ವಿವರಿಸುವುದೇ 15 ಆಸನ, ಹೆಚ್ಚಿನವು ಕೂತು ಮಾಡುವಂಥವು, ತ್ರಿಕೋನಾಸನ ಅದರಲ್ಲಿಲ್ಲ. ಹಾಗಾಗಿ ಆ ಜಗಳ ಬಿಟ್ಟು ನಿಮ್ಮ ಮಂಡಿ, ಸೊಂಟ ಏನು ಹೇಳುತ್ತೆ ನೋಡಿ.

ನಾನೀಗ ಬೆಳಿಗ್ಗೆ ಅಷ್ಟಾಂಗದ ಕ್ರಮದಲ್ಲೇ ನಿಂತು ಮಾಡುವ ಆಸನಗಳನ್ನು ಮಾಡುತ್ತೇನೆ, ಪಕ್ಕದಲ್ಲಿ ಎರಡು ಇಟ್ಟಿಗೆ ಇರುತ್ತವೆ, ಕೊನೆಗೆ ಕಂಬಳಿ ಹಾಕಿ ಸರ್ವಾಂಗಾಸನ. ಎರಡೂ ಕಡೆಯ ಗುರುಗಳು ಒಪ್ಪುವುದಿಲ್ಲ, ಗೊತ್ತು.